ಪ್ಲೇಟ್ ಎಲ್ಲಾ ಗುಲಾಬಿ ಆಯ್ತು, ಆದರೆ ಅದು ಆಸ್ಪರಜಿನೇಸ್ ಅಂತ ಹೇಗೆ ನಂಬೋದು?

ಪ್ರಶ್ನೆ: ನಾನು ಗದಗ ಕಡೆಯವಳು, ಮೈಕ್ರೋಬಯಾಲಜಿ ಎಂ.ಎಸ್ಸಿ. ಕೊನೆಯ ವರ್ಷ. ರಕ್ತದ ಕ್ಯಾನ್ಸರಿಗೆ ಕೊಡುವ ಆಸ್ಪರಜಿನೇಸ್ ಎಂಬ ಕಿಣ್ವವನ್ನು ತಯಾರಿಸುವ ಬ್ಯಾಕ್ಟೀರಿಯಾ ನಮ್ಮ ಹೊಲದ ಮಣ್ಣಿನಲ್ಲಿ ಇದೆಯಾ ಅಂತ ಹುಡುಕುವುದು ನನ್ನ ಪ್ರಾಜೆಕ್ಟ್. ಎರೆ ಹೊಲದ ಮಣ್ಣು ತಂದು ಫೀನಾಲ್ ರೆಡ್ ಹಾಕಿದ ಪ್ಲೇಟ್‌ಗಳಲ್ಲಿ ಹರಡಿದೆ. ಮೂರು ದಿನ ಬಿಟ್ಟು ನೋಡಿದರೆ 40 ಪ್ಲೇಟ್‌ಗಳಲ್ಲಿ 37 ಪೂರ್ತಿ ಗುಲಾಬಿ. ಗೆಳತಿಯರಿಗೆಲ್ಲ ಖುಷಿ, ನನಗೆ ಮಾತ್ರ ಅನುಮಾನ. ಇಷ್ಟು ಸುಲಭವಾಗಿ ಸಿಗುತ್ತದಾ? ಕಪ್ಪತಗುಡ್ಡದ ಮಣ್ಣು ತಂದರೆ ಇನ್ನೂ ಒಳ್ಳೆಯದು ಸಿಗಬಹುದಾ?

ಉತ್ತರ:

ನಿಮ್ಮ ಅನುಮಾನ ಸರಿಯಾಗಿದೆ. ಅದನ್ನು ಬಿಡಬೇಡಿ.

ಆ ಪ್ಲೇಟ್ ನಿಮಗೆ ಹೇಳಿದ್ದು ಒಂದೇ ಮಾತು: ಇಲ್ಲಿ ಪಿಎಚ್ ಏರಿದೆ. ಅಷ್ಟೇ. ಫೀನಾಲ್ ರೆಡ್ ಒಂದು ಬಣ್ಣ, ಪಿಎಚ್ 6.8ಕ್ಕಿಂತ ಕೆಳಗಿದ್ದರೆ ಹಳದಿ, 8.2 ದಾಟಿದರೆ ಗಾಢ ಗುಲಾಬಿ. ಅದಕ್ಕೆ ಆಸ್ಪರಜಿನೇಸ್ ಯಾವುದು, ಬೇರೆ ಯಾವುದು ಅಂತ ಗೊತ್ತಾಗುವುದಿಲ್ಲ. ಆಸ್ಪರಜಿನ್ ಅನ್ನೋ ಅಮೈನೋ ಆಮ್ಲವನ್ನು ಈ ಕಿಣ್ವ ಒಡೆದಾಗ ಆಸ್ಪಾರ್ಟಿಕ್ ಆಮ್ಲ ಮತ್ತು ಅಮೋನಿಯ ಬರುತ್ತವೆ, ಅಮೋನಿಯ ಪಿಎಚ್ ಏರಿಸುತ್ತದೆ, ಬಣ್ಣ ತಿರುಗುತ್ತದೆ. ಇದು ನಿಜ. ಆದರೆ ಅಮೋನಿಯ ಬರುವುದಕ್ಕೆ ಇದೊಂದೇ ದಾರಿ ಅಲ್ಲ, ಪಿಎಚ್ ಏರುವುದಕ್ಕೆ ಅಮೋನಿಯವೊಂದೇ ಕಾರಣವೂ ಅಲ್ಲ.

ಮೊದಲು ಇದನ್ನು ಹೇಳಿ: ಮಾಧ್ಯಮಕ್ಕೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಆಹಾರಕ್ಕೆ, ಪೆಪ್ಟೋನ್ ಅಥವಾ ಯೀಸ್ಟ್ ಎಕ್ಸ್‌ಟ್ರಾಕ್ಟ್ ಹಾಕಿದಿರಾ? ತುಂಬಾ ಜನ ಹಾಕುತ್ತಾರೆ, ಯಾಕಂದ್ರೆ ಲವಣ, ಗ್ಲೂಕೋಸ್ ಬಿಟ್ಟರೆ ಹೆಚ್ಚೇನೂ ಇಲ್ಲದ ಎಂ9 ಮಾಧ್ಯಮದಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಬೆಳೆಯುವುದು ನಿಧಾನ, ನಮಗೆ ಅವಸರ. ಒಂದು ಚಮಚ ಪೆಪ್ಟೋನ್ ಹಾಕಿದರೆ ಮರುದಿನವೇ ಕಾಲನಿಗಳು ತುಂಬಿಕೊಳ್ಳುತ್ತವೆ. ಅವು ಪೆಪ್ಟೋನಿನಲ್ಲಿರುವ ಅಮೈನೋ ಆಮ್ಲಗಳನ್ನು ತಿಂದು ಮಿಕ್ಕ ಸಾರಜನಕವನ್ನು ಅಮೋನಿಯ ಮಾಡಿ ಹೊರಗೆ ಬಿಡುತ್ತವೆ. ಆಗ ಕಾಣುವ ಗುಲಾಬಿ ಪೆಪ್ಟೋನಿನದು, ನಿಮ್ಮ ಆಸ್ಪರಜಿನ್ ಮುಟ್ಟಿರುವುದೇ ಇಲ್ಲ. ಈ ಫೀನಾಲ್ ರೆಡ್ ವಿಧಾನವನ್ನು 1997ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದಾಗ ಮಾಧ್ಯಮದಲ್ಲಿ ಸಾರಜನಕದ ಮೂಲ ಆಸ್ಪರಜಿನ್ ಒಂದೇ ಇತ್ತು. ಅದೇ ಆ ವಿಧಾನದ ಜೀವಾಳ. ಒಂದು ಲೀಟರಿಗೆ 5 ಗ್ರಾಂ ಆಸ್ಪರಜಿನ್, ಸ್ವಲ್ಪ ಗ್ಲೂಕೋಸ್, ಫಾಸ್ಫೇಟ್ ಲವಣಗಳು, ಬೇರೆ ಸಾರಜನಕ ಏನೂ ಇಲ್ಲ. ಆಸ್ಪರಜಿನ್ ಮುರಿಯಲು ಬಾರದವನಿಗೆ ಅಲ್ಲಿ ಊಟ ಇಲ್ಲ.

ಎರಡನೆಯದು ನಿಮ್ಮ ಮಣ್ಣು. ಎರೆ ಭೂಮಿಯಲ್ಲಿ ಸುಣ್ಣದ ಅಂಶ ಜಾಸ್ತಿ, ಪಿಎಚ್ ಸಾಮಾನ್ಯವಾಗಿ 8ರ ಆಸುಪಾಸು. ಪರೀಕ್ಷೆ ಸುಲಭ. ಒಂದು ಚಿಟಿಕೆ ಒಣ ಮಣ್ಣನ್ನು ವಾಚ್ ಗ್ಲಾಸಿನ ಮೇಲೆ ಹಾಕಿ, ನಾಲ್ಕು ಹನಿ ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್ ಬಿಡಿ. ಸೋಡಾ ಬಾಟಲಿ ಬಿಚ್ಚಿದ ಹಾಗೆ ಬುಸ್ಸೆಂದು ನೊರೆ ಎದ್ದರೆ ಅದು ಸುಣ್ಣ. ಅಂಥ ಮಣ್ಣಿನ ನೀರನ್ನು ಹತ್ತರಷ್ಟು ಮಾತ್ರ ತೆಳು ಮಾಡಿ ಹರಡಿದರೆ ಸುಣ್ಣದ ಪುಡಿಯೂ ಪ್ಲೇಟಿಗೆ ಹೋಗುತ್ತದೆ, ಬ್ಯಾಕ್ಟೀರಿಯಾ ಕೆಲಸ ಶುರು ಮಾಡುವ ಮೊದಲೇ ಬಣ್ಣ ತಿರುಗುತ್ತದೆ. ಹತ್ತು ಸಾವಿರ, ಲಕ್ಷದಷ್ಟು ತೆಳು ಮಾಡಿದ್ದನ್ನು ಹರಡಿ. ಇನ್ನೊಂದು ವಿಷಯ, ಎರೆ ಮಣ್ಣು ನೀರು ಕುಡಿದು ಉಬ್ಬಿ ಮುದ್ದೆಯಾಗುತ್ತದೆ, ಸುಮ್ನೆ ಕೈಯಲ್ಲಿ ಅಲ್ಲಾಡಿಸಿದರೆ ಮುದ್ದೆಯೊಳಗಿನವರು ಹೊರಗೆ ಬರುವುದೇ ಇಲ್ಲ. ಗಾಜಿನ ಮಣಿ ಹಾಕಿ ಅರ್ಧ ಗಂಟೆ ಶೇಕರ್ ಮೇಲೆ ಇಡಿ. ನೀರು ಡಿಸ್ಟಿಲ್ಡ್ ಇರಲಿ, ಬೋರಿನ ನೀರು ಬೇಡವೇ ಬೇಡ.

ಮೂರನೆಯದು ಆ ಮೂರು ದಿನ. ಅಮೋನಿಯ ಗಾಳಿಯಲ್ಲಿ ಹರಡುವ ವಸ್ತು. ಒಂದು ಜೋರಾದ ಕಾಲನಿ ಇದ್ದರೆ ಸಾಕು, ಎರಡನೇ ದಿನಕ್ಕೆ ಅದರ ಅಕ್ಕಪಕ್ಕದ ಹತ್ತು ಕಾಲನಿಗಳ ಸುತ್ತ ಗುಲಾಬಿ, ಮೂರನೇ ದಿನಕ್ಕೆ ಇಡೀ ಪ್ಲೇಟ್. ಒಂದರ ಮೇಲೊಂದು ಪೇರಿಸಿ ಚೀಲದಲ್ಲಿ ಕಟ್ಟಿಟ್ಟಿದ್ದರೆ ಪಕ್ಕದ ಪ್ಲೇಟ್‌ಗಳಿಗೂ ತಗಲುತ್ತದೆ. ಆದ್ದರಿಂದ ಮೊದಲ ಪ್ಲೇಟಿನ ಬಣ್ಣ ನೋಡಿ ಲೆಕ್ಕ ಬರೆಯಬೇಡಿ. ಬೇರೆ ಬೇರೆಯಾಗಿ ಕಾಣುವ ಕಾಲನಿಗಳನ್ನು ಎತ್ತಿ, ಶುದ್ಧ ಮಾಡಿ, ಆಮೇಲೆ ಒಂದು ಪ್ಲೇಟಿಗೆ ಒಂದೇ ಚುಕ್ಕೆ ಇಟ್ಟು ಬೆಳೆಸಿ. 18, 24, 48 ಗಂಟೆಗೆ ನೋಡಿ, ಗುಲಾಬಿ ವರ್ತುಲದ ಅಗಲವನ್ನೂ ಕಾಲನಿಯ ಅಗಲವನ್ನೂ ಸ್ಕೇಲಿಟ್ಟು ಅಳೆದು ಬರೆಯಿರಿ. 48 ಗಂಟೆ ದಾಟಿದ ಮೇಲೆ ಬರುವ ಬಣ್ಣಕ್ಕೆ ಬೆಲೆ ಇಲ್ಲ.

ಅದರ ಪಕ್ಕದಲ್ಲಿ ಇನ್ನೆರಡು ಪ್ಲೇಟ್ ಬೇಕು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಒಂದರಲ್ಲಿ ಆಸ್ಪರಜಿನ್ ಬದಲು ಸೋಡಿಯಂ ನೈಟ್ರೇಟ್. ಅದೂ ಗುಲಾಬಿ ಆದರೆ ನಿಮ್ಮ ಬ್ಯಾಕ್ಟೀರಿಯಾ ಬೇರೆ ಯಾವುದೋ ದಾರಿಯಲ್ಲಿ ಪಿಎಚ್ ಏರಿಸುತ್ತಿದೆ ಅಂತ ಅರ್ಥ. ಇನ್ನೊಂದರಲ್ಲಿ ಆಸ್ಪರಜಿನ್ ಬದಲು ಗ್ಲುಟಮಿನ್. ಇದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅಂದಹಾಗೆ ಆಸ್ಪರಜಿನ್ ಮತ್ತು ಗ್ಲೂಕೋಸನ್ನು ಒಟ್ಟಿಗೆ ಆಟೋಕ್ಲೇವಿಗೆ ಹಾಕಬೇಡಿ. ಬಿಸಿಗೆ ಅವೆರಡೂ ಸೇರಿ ಕಂದು ಬಣ್ಣ ಬರುತ್ತದೆ, ಬಣ್ಣ ನೋಡುವ ಪರೀಕ್ಷೆಯಲ್ಲಿ ಅದೇ ದೊಡ್ಡ ತೊಂದರೆ. ಬಟಾಟಿ ಚಿಪ್ಸ್ ಎಣ್ಣೆಯಲ್ಲಿ ಕೆಂಪಗಾಗುವಾಗ ನಡೆಯುವುದೂ ಹೆಚ್ಚೂಕಡಿಮೆ ಇದೇ, ಅಲ್ಲಿ ಅಕ್ರಿಲಮೈಡ್ ಅನ್ನೋ ಬೇಡದ ವಸ್ತು ಹುಟ್ಟುತ್ತದೆ, ಅದನ್ನು ತಗ್ಗಿಸಲು ಆಹಾರ ಕಾರ್ಖಾನೆಗಳು ಬಳಸುವುದೂ ಆಸ್ಪರಜಿನೇಸನ್ನೇ. ಔಷಧಿಗೆ ಸಲ್ಲದ ಕಿಣ್ವಕ್ಕೆ ಅಡುಗೆಮನೆಯಲ್ಲಿ ಕೆಲಸ ಸಿಗಬಹುದು, ನೆನಪಿಟ್ಟುಕೊಳ್ಳಿ.

ಇಷ್ಟು ಮಾಡಿದಾಗ ನಿಮ್ಮ 37ರಲ್ಲಿ ಬಹಳಷ್ಟು ಉದುರಿ ಹೋಗುತ್ತವೆ. ಬೇಜಾರು ಮಾಡಿಕೊಳ್ಳಬೇಡಿ. ಉಳಿದವೇ ನಿಮ್ಮವು.

ಉಳಿದದ್ದನ್ನು ಅಳೆಯಬೇಕು. ಸಾಮಾನ್ಯವಾಗಿ ನೆಸ್ಲರ್ ದ್ರಾವಣ ಬಳಸುತ್ತಾರೆ, ಅಮೋನಿಯ ಇದ್ದಷ್ಟೂ ಹಳದಿ-ಕಿತ್ತಳೆ ಬಣ್ಣ ಗಾಢವಾಗುತ್ತದೆ. 37 ಡಿಗ್ರಿಯಲ್ಲಿ ಒಂದು ನಿಮಿಷಕ್ಕೆ ಒಂದು ಮೈಕ್ರೋಮೋಲ್ ಅಮೋನಿಯ ಬಿಡಿಸುವಷ್ಟು ಕಿಣ್ವಕ್ಕೆ ಒಂದು ಯೂನಿಟ್ ಅಂತ ಲೆಕ್ಕ. ಇಲ್ಲಿ ನನಗಾದದ್ದನ್ನು ಹೇಳಬೇಕು. ಸಂಶೋಧನೆಗೆ ಸೇರಿದ ಮೊದಲ ವರ್ಷ, ಧಾರವಾಡದಲ್ಲಿ ಒಂದು ಬ್ಯಾಸಿಲಸ್ ಹಿಡಿದಿದ್ದೆ. ಕಿಣ್ವವನ್ನು ಅಮೋನಿಯಂ ಸಲ್ಫೇಟ್ ಹಾಕಿ ಕೆಳಗೆ ಕೂರಿಸಿ, ಆ ಉಪ್ಪು ತೊಳೆದು ಹೋಗಲಿ ಅಂತ ರಾತ್ರಿಯೆಲ್ಲ ಡಯಾಲಿಸಿಸ್‌ಗೆ ಇಟ್ಟು, ಬೆಳಿಗ್ಗೆ ನೆಸ್ಲರ್ ಹಾಕಿದೆ. ಟ್ಯೂಬ್ ಕ್ಷಣದಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮೂರು ವಾರ ಅದೇ ಸಂಖ್ಯೆಗಳನ್ನು ಬರೆದುಕೊಂಡೆ. ನಾಲ್ಕನೇ ವಾರ, ಕುದಿಸಿ ಸಾಯಿಸಿದ ಕಿಣ್ವವನ್ನು ಹಾಕಿ ನೋಡಿದಾಗಲೂ ಅದೇ ಇಟ್ಟಿಗೆ ಬಣ್ಣ. ಡಯಾಲಿಸಿಸ್ ಚೀಲದೊಳಗೆ ಉಳಿದಿದ್ದ ಅಮೋನಿಯಂ ಸಲ್ಫೇಟನ್ನೇ ನಾನು ಅಷ್ಟು ದಿನ ಅಳೆಯುತ್ತಿದ್ದೆ. ಅವತ್ತಿನಿಂದ ಕುದಿಸಿದ ಕಿಣ್ವದ ಟ್ಯೂಬ್ ಇಲ್ಲದೆ ಒಂದು ಸಂಖ್ಯೆಯನ್ನೂ ನೋಟ್‌ಬುಕ್ಕಿಗೆ ಏರಿಸಿಲ್ಲ. ನೀವೂ ಹಾಗೇ ಮಾಡಿ, ಡಯಾಲಿಸಿಸ್ ನೀರನ್ನು ನಾಲ್ಕೈದು ಸಲ ಬದಲಿಸಿ. ನೆಸ್ಲರ್‌ನಲ್ಲಿ ಪಾದರಸ ಇದೆ, ಸಿಂಕಿಗೆ ಸುರಿಯಬೇಡಿ, ಬೇರೆ ಕ್ಯಾನಿನಲ್ಲಿ ಶೇಖರಿಸಿ ಲ್ಯಾಬಿನವರಿಗೆ ಒಪ್ಪಿಸಿ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆಸ್ಪರಜಿನೇಸ್ ಇದೆ ಅಂತ ಖಾತ್ರಿ ಆಯಿತು ಅಂದುಕೊಳ್ಳಿ. ಅದು ಔಷಧಿಗೆ ಆಗುತ್ತದಾ?

ಇದು ಕೆಲಸ ಮಾಡುವ ರೀತಿ ನೋಡಿ. ನಮ್ಮ ಮೈಯ ಹೆಚ್ಚಿನ ಜೀವಕೋಶಗಳು ತಮಗೆ ಬೇಕಾದ ಆಸ್ಪರಜಿನನ್ನು ತಾವೇ ಮಾಡಿಕೊಳ್ಳುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಬರುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯದ ಕೋಶಗಳಿಗೆ ಆ ಶಕ್ತಿ ತೀರಾ ಕಡಿಮೆ, ಅವು ರಕ್ತದಲ್ಲಿ ಹರಿಯುವ ಆಸ್ಪರಜಿನ್ ಮೇಲೆ ಬದುಕುತ್ತವೆ. ರಕ್ತದಿಂದ ಅದನ್ನು ಖಾಲಿ ಮಾಡಿಬಿಟ್ಟರೆ ಅವು ಉಪವಾಸ ಬಿದ್ದು ಸಾಯುತ್ತವೆ. ಇದು ಗೊತ್ತಾದದ್ದು ಗಿನಿ ಇಲಿಯಿಂದ. 1953ರಲ್ಲಿ ಅಮೆರಿಕದ ಜಾನ್ ಕಿಡ್ ಗಿನಿ ಇಲಿಯ ರಕ್ತದ ಸೀರಂ ಚುಚ್ಚಿದಾಗ ಇಲಿಗಳ ಲಿಂಫೋಮ ಗಡ್ಡೆ ಕರಗಿದ್ದನ್ನು ಕಂಡರು. ಅದರೊಳಗೆ ಕೆಲಸ ಮಾಡಿದ್ದು ಆಸ್ಪರಜಿನೇಸ್ ಅಂತ 1961ರಲ್ಲಿ ಜಾನ್ ಬ್ರೂಮ್ ತೋರಿಸಿಕೊಟ್ಟರು. ಆದರೆ ಎಷ್ಟು ಗಿನಿ ಇಲಿಗಳನ್ನು ಸಾಕೋದು? 1964ರಲ್ಲಿ ಮ್ಯಾಶ್‌ಬರ್ನ್ ಮತ್ತು ರಿಸ್ಟನ್ ಇ. ಕೋಲೈ ಬ್ಯಾಕ್ಟೀರಿಯದ ಕಿಣ್ವವೂ ಅದೇ ಕೆಲಸ ಮಾಡುತ್ತದೆ ಅಂತ ತೋರಿಸಿದ ಮೇಲೆ ದಾರಿ ತೆರೆಯಿತು.

ಆರೋಗ್ಯವಂತನ ರಕ್ತದಲ್ಲಿ ಆಸ್ಪರಜಿನ್ ಸುಮಾರು 50 ಮೈಕ್ರೋಮೋಲಾರ್ ಇರುತ್ತದೆ. ನಿಮ್ಮ ಪ್ಲೇಟಿನಲ್ಲಿ? ಲೀಟರಿಗೆ 5 ಗ್ರಾಂ ಅಂದರೆ ಸುಮಾರು 38 ಮಿಲಿಮೋಲಾರ್. ಭಾಗಿಸಿ ನೋಡಿ, ರಕ್ತಕ್ಕಿಂತ 700 ಪಟ್ಟಿಗೂ ಜಾಸ್ತಿ. ಮದುವೆ ಊಟದಲ್ಲಿ ಚೆನ್ನಾಗಿ ಉಂಡವನು ಬರಗಾಲದಲ್ಲಿ ಕಾಳು ಹೆಕ್ಕಿ ಬದುಕುತ್ತಾನೆ ಅಂತ ಹೇಳಲಾಗುವುದಿಲ್ಲ, ಅಲ್ವಾ? ಇ. ಕೋಲೈ ಒಂದರಲ್ಲೇ ಎರಡು ಥರದ ಆಸ್ಪರಜಿನೇಸ್ ಇವೆ. ಕೋಶದೊಳಗಿರುವ ಮೊದಲ ಥರದ್ದಕ್ಕೆ ಆಸ್ಪರಜಿನ್ ಮಿಲಿಮೋಲಾರ್ ಲೆಕ್ಕದಲ್ಲಿ ಇದ್ದರೇ ಕೈ ಓಡುವುದು, ಅದು ಔಷಧಿಗೆ ಬಾರದು. ಎರಡನೇ ಥರದ್ದು ಹತ್ತು ಹದಿನೈದು ಮೈಕ್ರೋಮೋಲಾರ್ ಇದ್ದರೂ ಹಿಡಿದು ಮುರಿಯುತ್ತದೆ, ಔಷಧಿ ಆದದ್ದು ಅದು. ನಿಮ್ಮ ಪ್ಲೇಟಿನಲ್ಲಿ ಎರಡೂ ಒಂದೇ ಗುಲಾಬಿ ಕಾಣುತ್ತವೆ. ಹಾಗಾಗಿ ಪ್ರಾಜೆಕ್ಟಿನಲ್ಲಿ ಸಮಯ ಇದ್ದರೆ ನಾನು ಒತ್ತಾಯ ಮಾಡುವುದು ಒಂದೇ: ಆಸ್ಪರಜಿನ್ ಪ್ರಮಾಣವನ್ನು ಇಳಿಸುತ್ತಾ ಇಳಿಸುತ್ತಾ ಕಿಣ್ವದ ವೇಗ ಅಳೆಯಿರಿ, ಕೆಎಂ, ಅಂದರೆ ಕಿಣ್ವ ತನ್ನ ಗರಿಷ್ಠ ವೇಗದ ಅರ್ಧದಲ್ಲಿ ಓಡಲು ಬೇಕಾದ ಆಸ್ಪರಜಿನ್ ಪ್ರಮಾಣ, ಎಷ್ಟು ಅಂತ ತೆಗೆಯಿರಿ. ಐವತ್ತು ಕಾಲನಿಗಳ ಪಟ್ಟಿಗಿಂತ ಒಂದು ಕಾಲನಿಯ ಕೆಎಂ ಹೆಚ್ಚು ಮಾತಾಡುತ್ತದೆ.

ಗ್ಲುಟಮಿನ್ ಪ್ಲೇಟಿನ ವಿಷಯ. ತುಂಬಾ ಆಸ್ಪರಜಿನೇಸ್‌ಗಳು ಗ್ಲುಟಮಿನನ್ನೂ ಸ್ವಲ್ಪ ಮುರಿಯುತ್ತವೆ. ಗ್ಲುಟಮಿನ್ ನಮ್ಮ ಮೈಗೆ ಎಲ್ಲೆಡೆ ಬೇಕಾದದ್ದು. ಚಿಕಿತ್ಸೆಯಲ್ಲಿ ಕಾಣುವ ಅಡ್ಡ ಪರಿಣಾಮಗಳಲ್ಲಿ ಕೆಲವಕ್ಕೆ ಇದೇ ಕಾರಣ ಅಂತ ತುಂಬಾ ಜನ ಸಂಶೋಧಕರ ಅಭಿಪ್ರಾಯ. ಕ್ಯಾನ್ಸರ್ ಕೋಶ ಸಾಯಲು ಅದೂ ಸ್ವಲ್ಪ ಬೇಕು ಎನ್ನುವವರೂ ಇದ್ದಾರೆ, ವಾದ ಇನ್ನೂ ಮುಗಿದಿಲ್ಲ. ಏನೇ ಇರಲಿ, ನಿಮ್ಮ ಬ್ಯಾಕ್ಟೀರಿಯಾ ಗ್ಲುಟಮಿನ್ ಮುಟ್ಟುತ್ತದಾ ಇಲ್ಲವಾ ಅನ್ನೋದನ್ನು ವರದಿಯಲ್ಲಿ ಬರೆಯಲೇಬೇಕು.

ಇದನ್ನೆಲ್ಲ ಇಷ್ಟು ಹಟ ಹಿಡಿದು ಹೇಳಲು ಒಂದು ಕಾರಣ ಇದೆ. ನಮ್ಮ ಅಕ್ಕನ ಮಗನಿಗೆ ಆರು ವರ್ಷ ಇದ್ದಾಗ ಈ ಕಾಯಿಲೆ ಬಂತು. ಇಂಜೆಕ್ಷನ್ ಕೊಡುವ ದಿನ ನಾನೇ ಪಕ್ಕದಲ್ಲಿ ಕೂರುತ್ತಿದ್ದೆ. ನಾಲ್ಕನೇ ಸಲ ಕೊಟ್ಟ ಹದಿನೈದು ನಿಮಿಷಕ್ಕೆ ತೊಡೆಯಿಂದ ಕುತ್ತಿಗೆವರೆಗೆ ದದ್ದು ಎದ್ದವು, ಉಸಿರು ಸುಂಯ್ಗುಟ್ಟಿತು. ನರ್ಸ್ ಓಡಿ ಬಂದು ಸೂಜಿ ಹಾಕಿ ಸರಿ ಮಾಡಿದರು. ಇ. ಕೋಲೈ ಕಿಣ್ವಕ್ಕೆ ಅವನ ಮೈ ಒಗ್ಗಲಿಲ್ಲ. ನಮ್ಮ ಮೈಗೆ ಅದು ಹೊರಗಿನ ಪ್ರೋಟೀನ್, ಹಾಗಾಗುವುದು ಅಪರೂಪ ಏನಲ್ಲ. ಅಂಥವರಿಗೆ ಎರ್ವಿನಿಯಾ ಅನ್ನೋ ಇನ್ನೊಂದು ಬ್ಯಾಕ್ಟೀರಿಯದ ಆಸ್ಪರಜಿನೇಸ್ ಕೊಡುತ್ತಾರೆ. ಆ ಎರ್ವಿನಿಯಾ ಏನು ಗೊತ್ತಾ? ಗಿಡ ಕೊಳೆಸುವ ಜಾತಿ. ಬಟಾಟಿ, ಉಳ್ಳಾಗಡ್ಡಿ ಚೀಲದಲ್ಲಿ ನೀರಾಗಿ ನಾರುತ್ತವಲ್ಲ, ಆ ಮೆತ್ತಗಿನ ಕೊಳೆ ತರುವ ಬಳಗದ್ದು. ಆ ಎರ್ವಿನಿಯಾ ಔಷಧಿ ಬೇಕಾದಾಗ ಸಿಗದೆ ಜಗತ್ತಿನ ಎಷ್ಟೋ ಆಸ್ಪತ್ರೆಗಳು ಪರದಾಡಿವೆ. ನಾವೂ ಹನ್ನೊಂದು ದಿನ ಕಾದೆವು. ಹುಡುಗ ಈಗ ಪಿಯುಸಿ ಓದುತ್ತಿದ್ದಾನೆ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಹೊಸ ಎರ್ವಿನಿಯಾ ಕಿಣ್ವವನ್ನು ಈಗ ಸ್ಯೂಡೋಮೋನಾಸ್ ಫ್ಲೋರೆಸೆನ್ಸ್ ಎಂಬ ಬ್ಯಾಕ್ಟೀರಿಯದೊಳಗೆ ಬೆಳೆಸಿ ತೆಗೆಯುತ್ತಾರೆ. ನಮ್ಮ ರೈತರು ಬೀಜೋಪಚಾರಕ್ಕೆ ಪುಡಿ ತರುತ್ತಾರಲ್ಲ, ಅದೇ ಜಾತಿ. ಇ. ಕೋಲೈ ಒಗ್ಗದವರಿಗೆ, ಎರ್ವಿನಿಯಾವೂ ಒಗ್ಗದವರಿಗೆ ಮೂರನೆಯದು ಬೇಕು. ಅದಕ್ಕೇ ಮಣ್ಣಿನಲ್ಲಿ ಹುಡುಕುವುದು.

ಈಗ ಮಣ್ಣು ಎಲ್ಲಿಂದ ತರೋದು ಅನ್ನೋ ಮಾತು. ಕಪ್ಪತಗುಡ್ಡ ಬೇಡ. 2019ರಿಂದ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ಬೊಗಸೆ ಮಣ್ಣೂ ಎತ್ತುವ ಹಾಗಿಲ್ಲ. ಮೇಲಾಗಿ ಔಷಧಿ ಗಿಡ ಬೆಳೆಯುವ ಗುಡ್ಡದ ಬ್ಯಾಕ್ಟೀರಿಯವೂ ಔಷಧಿ ಕೊಡುತ್ತದೆ ಅನ್ನೋದು ಚಂದದ ಆಸೆ ಅಷ್ಟೇ, ಅದಕ್ಕೆ ಆಧಾರ ಇಲ್ಲ. ಊಟ ಎಲ್ಲಿದೆಯೋ ಉಣ್ಣುವವನು ಅಲ್ಲಿರುತ್ತಾನೆ, ಹಾಗೆ ಯೋಚಿಸಿ. ಕಡಲೆ, ಬಟಾಣಿಯಂಥ ಬೆಳೆಗಳು ಬೇರಿನ ಗಂಟಿನಲ್ಲಿ ಹಿಡಿದ ಸಾರಜನಕವನ್ನು ಮೇಲಕ್ಕೆ ಸಾಗಿಸುವುದು ಬಹುಪಾಲು ಆಸ್ಪರಜಿನ್ ರೂಪದಲ್ಲಿ. ನಿಮ್ಮ ಪಕ್ಕದ ಅಣ್ಣಿಗೇರಿಯ ಹೆಸರಿನಲ್ಲೇ ಒಂದು ಕಡಲೆ ತಳಿ ಇದೆ. ಹಿಂಗಾರಿಯಲ್ಲಿ ಆ ಕಡೆಯೆಲ್ಲ ಕಡಲೆ. ಸೀದಾ ಅಲ್ಲಿಗೆ ಹೋಗಿ. ಬೆಳಗಿನ ಜಾವ ಇಳಿದರೆ ಗಿಡದ ಹುಳಿ ಕಾಲಿಗೆ ಹತ್ತಿ ಉರಿಯುತ್ತದೆ, ಬಿಸಿಲೇರಿದ ಮೇಲೆ ಹೋಗಿ. ಕುರ್ಪಿಯನ್ನು ಸ್ಪಿರಿಟ್ ಹಾಕಿ ಒರೆಸಿ, ಮೇಲಿನ ಎರಡು ಬೆರಳು ಮಣ್ಣು ಸರಿಸಿ, ಗಿಡವನ್ನು ಬೇರು ಸಮೇತ ಎತ್ತಿ ಮೆಲ್ಲಗೆ ಕೊಡವಿ. ಉದುರಿದ್ದು ಬೇಡ. ಬೇರಿಗೆ ಅಂಟಿ ಉಳಿಯುತ್ತದಲ್ಲ ತೆಳ್ಳಗೆ, ಅದು ಬೇಕು. ಅದೇ ಹೊಲದ ಬದುವಿನ ಮೇಲಿನ, ಬೆಳೆ ಇಲ್ಲದ ಕಡೆಯ ಮಣ್ಣನ್ನೂ ಒಂದು ಚೀಲ ತನ್ನಿ. ಎರಡನ್ನೂ ಹೋಲಿಸಿದರೆ ನಿಮ್ಮ ಪ್ರಾಜೆಕ್ಟಿಗೆ ಒಂದು ನಿಜವಾದ ಪ್ರಶ್ನೆ ಸಿಗುತ್ತದೆ. ಚೀಲವನ್ನು ಬಸ್ಸಿನ ಕಿಟಕಿ ಪಕ್ಕ ಬಿಸಿಲಿಗೆ ಇಡಬೇಡಿ, ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ತನ್ನಿ.

ಎರಡು ಪಾಲು ಮಾಡಿ. ಒಂದು ಪಾಲಿನ ಮಣ್ಣುನೀರನ್ನು 80 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟರೆ ಮಿಕ್ಕವು ಸತ್ತು ಸ್ಪೋರ್ ಕಟ್ಟುವ ಬ್ಯಾಸಿಲಸ್ ಉಳಿಯುತ್ತವೆ. ಇನ್ನೊಂದು ಪಾಲನ್ನು ನೆರಳಲ್ಲಿ ಒಂದು ವಾರ ಒಣಗಿಸಿ ಸ್ಟಾರ್ಚ್ ಕೇಸಿನ್ ಅಗರ್ ಮೇಲೆ ಹಾಕಿ, ಸ್ಟ್ರೆಪ್ಟೋಮೈಸಿಸ್ ಬರುತ್ತವೆ. ಅವಕ್ಕೆ ಹತ್ತು ದಿನ ಕಾಯಬೇಕು. ಮುಚ್ಚಳ ತೆಗೆದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಅವೇ, ಆ ವಾಸನೆಯ ಜಿಯೋಸ್ಮಿನ್ ಮಾಡುವವರು ಅವರೇ. ಈ ಎರಡು ಗುಂಪನ್ನು ನಾನು ಇಷ್ಟಪಡುವುದಕ್ಕೆ ಕಾರಣ ಇದೆ. ಇವು ಗ್ರಾಂ ಪಾಸಿಟಿವ್, ಇ. ಕೋಲೈ ಥರ ಇವುಗಳ ಮೈಯಲ್ಲಿ ಜ್ವರ ತರುವ ಎಂಡೋಟಾಕ್ಸಿನ್ ಇರುವುದಿಲ್ಲ. ಹಾಗಂತ ಎಲ್ಲ ಸಾಧು ಅಂತ ಅಲ್ಲ. ದನ ಸತ್ತು ಹೂತ ಜಾಗದ ಮಣ್ಣು ಎಂದೂ ಮುಟ್ಟಬೇಡಿ, ಆಂಥ್ರಾಕ್ಸ್ ತರುವುದೂ ಬ್ಯಾಸಿಲಸ್ ಜಾತಿಯೇ, ಅದರ ಸ್ಪೋರ್ ಮಣ್ಣಿನಲ್ಲಿ ಹತ್ತಾರು ವರ್ಷ ಬದುಕುತ್ತದೆ. ಹಸಿರು ಬಣ್ಣ ಬಿಡುವ, ಸಿಹಿ ವಾಸನೆಯ ಸ್ಯೂಡೋಮೋನಾಸ್ ಏರುಜಿನೋಸ ಬಂದರೆ ಅದು ಎಷ್ಟು ಗುಲಾಬಿ ಮಾಡಿದರೂ ಬಿಟ್ಟುಬಿಡಿ, ಅದು ಆಸ್ಪತ್ರೆಗಳಲ್ಲಿ ಗಾಯ ಕೆಡಿಸುವ ಜಾತಿ. ಪ್ಲೇಟ್‌ಗಳನ್ನು ಆಟೋಕ್ಲೇವ್ ಮಾಡದೆ ಎಸೆಯಬೇಡಿ.

ವರದಿಯಲ್ಲಿ "ಕ್ಯಾನ್ಸರ್ ಔಷಧಿ ಕಂಡುಹಿಡಿದಿದ್ದೇವೆ" ಅಂತ ಒಂದು ಸಾಲೂ ಬರಬಾರದು, ಯಾರು ಹೇಳಿದರೂ. ಓದುವವರಲ್ಲಿ ಕಾಯಿಲೆ ಮಗುವಿನ ತಂದೆತಾಯಿ ಇರಬಹುದು. ಎಷ್ಟು ಕಾಲನಿ ಎತ್ತಿದಿರಿ, ನೈಟ್ರೇಟ್ ಪ್ಲೇಟ್ ಪರೀಕ್ಷೆಯಲ್ಲಿ ಎಷ್ಟು ಉಳಿದವು, ಅದರಲ್ಲಿ ಗ್ಲುಟಮಿನ್ ಮುಟ್ಟದವು ಎಷ್ಟು, ಅತಿ ಒಳ್ಳೆಯದರ ಯೂನಿಟ್ ಎಷ್ಟು, 16ಎಸ್ ಜೀನ್ ಓದಿಸಿದಾಗ ಯಾವ ಜಾತಿ ಬಂತು, ಇಷ್ಟು ಬರೆಯಿರಿ. ಚೆನ್ನಾಗಿರುವ ಒಂದೆರಡನ್ನು ಚಂಡೀಗಢದ ಎಂಟಿಸಿಸಿಯಂಥ ಸೂಕ್ಷ್ಮಜೀವಿ ಸಂಗ್ರಹಕ್ಕೆ ಕಳಿಸಿ ನಂಬರ್ ಪಡೆಯಿರಿ, ಇಲ್ಲದಿದ್ದರೆ ನೀವು ಪಾಸಾಗಿ ಹೋದ ಆರು ತಿಂಗಳಿಗೆ ಫ್ರಿಜ್ಜಿನಲ್ಲಿ ಅವನ್ನು ಇಟ್ಟ ಅಗರ್ ಟ್ಯೂಬ್ (ಸ್ಲ್ಯಾಂಟ್) ಒಣಗಿ ಹೋಗುತ್ತದೆ. ಮುಂದೆ ಯಾರಾದರೂ ಪೇಟೆಂಟ್ ಮಾತು ತೆಗೆದರೆ 2002ರ ಜೀವವೈವಿಧ್ಯ ಕಾಯಿದೆ ಇದೆ, ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮ ನೋಡಿಯೇ ಮುಂದುವರಿಯಬೇಕು.

ಈ ವಾರ ಮಾಡಬೇಕಾದ್ದು ಇಷ್ಟು, ತಂಗಿ. ಆ 37 ಪ್ಲೇಟ್ ಎಸೆಯಬೇಡಿ, ಬೇರೆ ಬೇರೆ ಮುಖದ ಕಾಲನಿಗಳನ್ನು ಎತ್ತಿ ಪೆಪ್ಟೋನ್ ಇಲ್ಲದ ಮೂರು ಥರದ ಪ್ಲೇಟಿಗೆ ಒಂದೊಂದು ಚುಕ್ಕೆ ಇಡಿ. ಕಡಲೆ ಕೀಳುವುದು ಶುರುವಾಗುವ ಮೊದಲು ಬೇರಿನ ಮಣ್ಣು ತಂದುಬಿಡಿ, ಗಿಡ ಒಣಗಿದ ಮೇಲೆ ಆ ತೆಳ್ಳಗಿನ ಮಣ್ಣು ಬೇರಿಗೆ ನಿಲ್ಲುವುದಿಲ್ಲ. 24 ಗಂಟೆಯ ಫೋಟೋಗಳನ್ನು ನೈಟ್ರೇಟ್ ಪ್ಲೇಟ್ ಪಕ್ಕದಲ್ಲಿಟ್ಟು ತೆಗೆದು ಕಳಿಸಿ, ಒಟ್ಟಿಗೆ ನೋಡೋಣ.